ಅಮ್ಮನ ಎಡಗಣ್ಣು

2016ರ ಮೇ 7, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ, ಬಂದವು ಬಿಳಿ ಟೋಪಿಗಳು, ಮೆಟ್ಟಿಲ ತಿರುವಿನಲ್ಲಿ ಮೊದಲು ಟೋಪಿ, ಆಮೇಲೆ ಬಿಸಿಲಿಗೆ ಸುಟ್ಟ ಮೂಗು, ಆಮೇಲೆ ಹೊಟ್ಟೆಯ ಮೇಲೆ ಕುಣಿಯುವ ಕ್ಯಾಮೆರಾ, ವಾಲ್ಪರಾಯಿಸೊದ ಗುಡ್ಡ ಹತ್ತಿ ಏದುಸಿರು ಬಿಡುವ ಇವರು ಮೇಲೆ ತಲುಪಿದೊಡನೆ ಮಾಡುವ ಮೊದಲ ಕೆಲಸವೆಂದರೆ ನನ್ನ ಅಮ್ಮನ ಮನೆಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಆ ನೀಲಿ ಅಂಗಿಯವನು ತೊಂಬತ್ತೈದು ಕಿಲೋಗೆ ಕಡಿಮೆಯಿಲ್ಲ, ಒಂದು ಕಾಲನ್ನೂ ಮಡಚಿ ಗೋಡೆಗೆ ಒತ್ತಿದ್ದಾನೆ, ಒತ್ತು, ಇನ್ನೂ ಒತ್ತು, ಆಚೆ ಬದಿಯಲ್ಲಿ ಎಂಬತ್ತು ದಾಟಿದ ಹೆಂಗಸೊಬ್ಬಳು ಮಂಚದ ಮೇಲೆ ಕೂತು ಚಹಾದಲ್ಲಿ ಬ್ರೆಡ್ ಅದ್ದುತ್ತಿದ್ದಾಳೆ ಎಂಬುದು ನಿನಗೆ ಯಾಕೆ ಗೊತ್ತಿರಬೇಕು, ನೀನು ನೋಡಲು ಬಂದಿರುವುದು ಈಚೆ ಬದಿಯನ್ನು, ಬಣ್ಣವನ್ನು, ಎರಡಾಳೆತ್ತರದ ಮುಖವನ್ನು — ಅದೂ ಅವಳದೇ, ಮದುವೆಯ ಫೋಟೋ ನೋಡಿಕೊಂಡು ಚಿತ್ರಗಾರ ನೇಟೊ ಬರೆದದ್ದು — ಮತ್ತೆ ಆ ಎಡಗಣ್ಣು, ಕಣ್ಣಿನ ಮೂಲೆಯಿಂದ ಗಲ್ಲದವರೆಗೆ ಇಳಿದ ಬಿರುಕಿನ ಕಪ್ಪು ಗೆರೆ, ಹೋದ ತಿಂಗಳಿಗಿಂತ ದಪ್ಪವಾಗಿದೆ ಅನ್ನಿಸುತ್ತದೆ, ಅನ್ನಿಸುವುದು ಅಳತೆಯಲ್ಲ, ಚೀಲದಲ್ಲಿ ವರ್ನಿಯರ್ ಕ್ಯಾಲಿಪರ್ ಇದೆ, ಕಾಲೇಜಿನ ಪ್ರಯೋಗಶಾಲೆಯದು, ನಾನಿರುವ ಕಿಯೋಟಾದಿಂದ ಇಡೀ ದಾರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೇನೆ, ಈ ಜನ ಜಾಗ ಬಿಟ್ಟರೆ ಸಾಕು.

ಮಿರೇಯಾ ಛತ್ರಿ ಎತ್ತಿ ಹಿಡಿದಿದ್ದಾಳೆ, ಹಳದಿ ಛತ್ರಿ, ಮಳೆಗಲ್ಲ, ಮಂದೆ ಚದುರದಿರಲಿ ಎಂದು, ನನ್ನ ತಂಗಿ, ಒಂದೇ ಮಂಚದಲ್ಲಿ ಮಲಗಿ ನನ್ನ ಹೊದಿಕೆ ಎಳೆದುಕೊಳ್ಳುತ್ತಿದ್ದವಳು, ಈಗ ಇಡೀ ಗುಡ್ಡವನ್ನೇ ಎಳೆದುಕೊಂಡಿದ್ದಾಳೆ, ಆ ತಗಡಿನ ಗೋಡೆಗಳನ್ನು ನೋಡಿ, ಹಡಗಿಗೆ ಬಳಿದು ಉಳಿದ ಬಣ್ಣ ಅದು, ನೋಡಿ ಎಷ್ಟು ಧೈರ್ಯದ ಬಣ್ಣಗಳು ಎಂದು ಗೈಡಿನ ಧ್ವನಿಯಲ್ಲಿ ಅವಳು, ತುಕ್ಕೂ ಎಷ್ಟು ಚೆಂದ ಎನ್ನುತ್ತಾಳೆ ಕನ್ನಡಕದ ಹೆಂಗಸು, ತುಕ್ಕು ಎಂದರೆ ಕಬ್ಬಿಣ ಸಾಯುತ್ತಿರುವುದು ತಾಯೀ, ನಿಮ್ಮೂರಿನಲ್ಲಿ ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೀರೇನೋ. ನನ್ನ ಪಕ್ಕಕ್ಕೆ ಬಂದು, ಅವರಿಗೆ ತೋರಿಸುವ ನಗುವನ್ನು ಮುಖದಲ್ಲಿ ಹಾಗೇ ಇಟ್ಟುಕೊಂಡು ಮಿರೇಯಾ, ಬಂದ್ಯಾ ಪ್ರೊಫೆಸೊರಾ, ಶನಿವಾರಾನೂ ಪಾಠ ಇಟ್ಕೊಂಡಿದೀಯಾ. ಅವ್ರನ್ನ ಗೋಡೆಯಿಂದ ದೂರ ನಿಲ್ಸು ಮಿರೇಯಾ. ದೂರ ನಿಂತ್ರೆ ಫೋಟೋದಲ್ಲಿ ಅವ್ರ ಮುಖ ಸರಿಯಾಗಿ ಬರಲ್ಲ. ಗೋಡೆ ಬಿದ್ರೆ ಯಾರ ಮುಖಾನೂ ಇರಲ್ಲ. ಎಂಬತ್ತೈದರ ಭೂಕಂಪಕ್ಕೆ ಬೀಳ್ಲಿಲ್ಲ, ಎರಡು ಸಾವಿರದ ಹತ್ತಕ್ಕೆ ಬೀಳ್ಲಿಲ್ಲ, ನೀನು ಬಸ್ಸಿಳಿದ ಕೂಡ್ಲೆ ಬಿದ್ಬಿಡತ್ತಾ, ಸುಮ್ನೆ ಇರು, ಈಗ ಕಥೆ ಹೇಳೋ ಹೊತ್ತು. ಹೌದು, ಕಥೆಯ ಹೊತ್ತು, ಛತ್ರಿ ಮೇಲಕ್ಕೆ, ಧ್ವನಿ ಕೆಳಕ್ಕೆ, ಈ ತರುಣಿ ನಾವಿಕನೊಬ್ಬನಿಗಾಗಿ ಇದೇ ಕಿಟಕಿಯಲ್ಲಿ ವರ್ಷಗಟ್ಟಲೆ ಕಾದಳು — ನಾವಿಕನಂತೆ, ನಮ್ಮಪ್ಪ ಗುಡ್ಡ ಹತ್ತುವ ಲಿಫ್ಟಿನ ಮೆಕ್ಯಾನಿಕ್, ದೋಣಿ ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದ, ದಿನವೂ ಕತ್ತಲಾಗುವ ಮೊದಲೇ ಗ್ರೀಸು ಮೆತ್ತಿದ ಕೈಯಲ್ಲಿ ಬಂದು ಬ್ರೆಡ್ ಮುರಿಯುತ್ತಿದ್ದ, ಈ ಕಥೆಯನ್ನು ಅಮ್ಮನಿಗೆ ಹೇಳಿದಾಗ ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದಳು, ಕಾದಿದ್ದೇನೋ ನಿಜ ಕಣೇ, ಆ ಮನುಷ್ಯ ಒಂದ್ ದಿನನಾದ್ರೂ ತಡವಾಗಿ ಬರ್ಲಿ ಅಂತ.

ಆ ಬಿರುಕಿನಲ್ಲಿ ಇವಳ ಕಥೆಗೆ ಕಣ್ಣೀರು ಸಿಕ್ಕಿತು, ನನಗೆ ಸಾಕ್ಷಿ ಸಿಗಲಿಲ್ಲ. ನೆಲ ಅಲುಗಿದ ಮರುದಿನ ಈ ಗುಡ್ಡದಲ್ಲಿ ಎಲ್ಲ ಮನೆಯವರೂ ಮಾಡುವುದು ಇದೇ, ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ಪ್ಲಾಸ್ಟರ್ ಪಟ್ಟಿ ಮೆತ್ತಿ, ಹಸಿಯಿರುವಾಗಲೇ ಮೊಳೆಯಿಂದ ತಾರೀಕು ಗೀಚಿ, ಬೆಳಿಗ್ಗೆ ಬ್ರೆಡ್ ತರಲು ಹೋಗುವಾಗ ಒಮ್ಮೆ ನೋಡುವುದು, ಪಟ್ಟಿ ಇಡಿಯಾಗಿದ್ದರೆ ಬಿರುಕು ಸತ್ತಿದೆ, ಒಡೆದಿದ್ದರೆ ಜೀವಂತ, ಅದನ್ನು ಸಾಕ್ಷಿ ಎಂದೇ ಕರೆಯುತ್ತೇವೆ, ಜನವರಿಯಲ್ಲಿ ನಾನೂ ಮೆತ್ತಿದ್ದೆ, ಫೆಬ್ರವರಿಯಲ್ಲಿ ನೇಟೊ ಏಣಿ ಹಾಕಿ ಕೆರೆದು ತೆಗೆದ, ಇದೇ ಗುಡ್ಡದಲ್ಲಿ ಹುಟ್ಟಿದವನು, ಅವನ ಮನೆಯ ಅಡುಗೆಕೋಣೆಯಲ್ಲೇ ಮೂರು ಸಾಕ್ಷಿಗಳಿವೆ, ಆದರೂ ಕೆರೆದ, ಕೆನ್ನೆ ಮೇಲೆ ನರಹುಲಿ ಥರ ಕಾಣ್ತಿತ್ತು ಅಕ್ಕಾ, ಅಷ್ಟು ಚೆಂದದ ಹೆಂಗಸಿಗೆ ನರಹುಲಿ ಬೇಕಾ, ಎಂದ, ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಕಣ್ಣು ಬರೆದ. ಮತ್ತೆ ಪಾರಂಪರಿಕ ಕಟ್ಟಡಗಳ ಕಚೇರಿಯ ಆ ಟೈಧಾರಿ, ಚಿತ್ರವಿರೋ ಗೋಡೆ ಮುಟ್ಟೋ ಹಾಗಿಲ್ಲಮ್ಮ, ಬಿರುಕು ಹಳೇದು, ಬೆಳೀತಾ ಇದೆ ಅಂತ ತೋರ್ಸಿ, ಆಗ ಕೆಡವಿ ಕಟ್ಟೋಣ, ಸೋಮವಾರ ಸಭೆ, ಸಾಕ್ಷಿ ಇದೆಯಾ. ಸಾಕ್ಷಿಯನ್ನು ಕೆರೆದು ಕಸದ ಬುಟ್ಟಿಗೆ ಹಾಕಿದ್ದಾರೆ ಸ್ವಾಮಿ, ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ನೀರು ಕುಡಿದ ಗುಡ್ಡ ಜಾರುತ್ತದೆ, ಗೋಡೆ ಬೀಳುವುದು ಒಳಕ್ಕೆ, ಮಂಚದ ಮೇಲೆ, ಅಮ್ಮ ಅಲ್ಲಿಂದ ಏಳುವವಳಲ್ಲ, ಕಿಯೋಟಾಕ್ಕೆ ಬಾ ಎಂದರೆ ಅಲ್ಲೇನಿದೆ ಬರೀ ಬೆಣ್ಣೆಹಣ್ಣಿನ ತೋಟ, ಸಮುದ್ರ ಕಾಣದ ಊರಲ್ಲಿ ಉಸಿರಾಡೋದ್ ಹೇಗೆ — ತಾಳು, ಹಿಂದಕ್ಕೆ ಹೋಗು, ಪುಟ್ಟಿ ತುಂಬಿದ, ಉಜ್ಜಿದ, ಮೇಲೆ ಬಣ್ಣ ಬಳಿದ. ಫೆಬ್ರವರಿಯಲ್ಲಿ ಕಣ್ಣು ಇಡಿಯಾಗಿತ್ತು. ಕಣ್ಣೀರು ಇರಲಿಲ್ಲ. ಚಿತ್ರ ಮುಗಿದ ದಿನ ಮಿರೇಯಾಳೇ ಕಳಿಸಿದ ಫೋಟೋದಲ್ಲಿ ಕೆನ್ನೆ ಮೊಟ್ಟೆಯ ಸಿಪ್ಪೆಯ ಹಾಗಿತ್ತು, ತಾರೀಕೂ ಇದೆ, ಮಾರ್ಚ್‌ನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಾಗ ಇವಳು ಅದಕ್ಕೆ ಕಣ್ಣೀರೆಂದು ಹೆಸರಿಟ್ಟಳು, ಕಲಾವಿದ ಬೇಕೆಂದೇ ಬಿಟ್ಟದ್ದು ಎಂದಳು, ಹಾಗಾದರೆ ಈ ಗೆರೆಯ ಅಗಲವೆಲ್ಲ ಹೊಸದು, ಒಂದೊಂದು ದಶಾಂಶವೂ ಹೊಸದು, ನೇಟೊನ ಬಣ್ಣವೇ ಪಟ್ಟಿ, ಕಣ್ಣೇ ಸಾಕ್ಷಿ, ಕೆರೆದು ತೆಗೆದವರು ಅದರ ನೂರರಷ್ಟು ದೊಡ್ಡದನ್ನು ತಾವೇ ಮೆತ್ತಿಟ್ಟಿದ್ದಾರೆ, ಊರಿಗೆಲ್ಲ ಕಾಣುವ ಹಾಗೆ.

ಈಗ ಕನ್ನಡಕದವಳು ಕಣ್ಣಿನ ಮೂಲೆಗೆ ಬೆರಳಿಡುತ್ತಿದ್ದಾಳೆ, ಅದೂ ಮಿರೇಯಾ ಕಟ್ಟಿದ ಪದ್ಧತಿ, ಕಣ್ಣೀರು ಮುಟ್ಟಿದವರು ಈ ಊರಿಗೆ ಮತ್ತೆ ಬರುತ್ತಾರಂತೆ, ದಯವಿಟ್ಟು ಬರಬೇಡಿ, ನಿಮ್ಮ ನಗರಗಳಿಗೆ ಹೋಗಿ, ನಿಮ್ಮ ನಿಮ್ಮ ಅಮ್ಮಂದಿರ ಗೋಡೆ ಒರಗಿ ನಿಲ್ಲಿ, ಉಗುರು ಒಳಗೆ ಹೋಗುತ್ತಿದೆ, ನಾನು ನೋಡುತ್ತಿದ್ದೇನೆ, ಇಡೀ ಉಗುರು, ಕಣ್ಣಿನೊಳಗೆ, ನೀಲಿ ಅಂಗಿಯವನು ನಾಣ್ಯವೊಂದನ್ನು ತೆಗೆದ, ನೂರು ಪೆಸೊ, ಹಾಕಬಹುದಾ ಎಂದ, ಹಾಕಿ ಹಾಕಿ, ನಿನ್ನೆಯಿಂದ ಎಲ್ರೂ ಹಾಕ್ತಿದಾರೆ ಎಂದಳು ನನ್ನ ತಂಗಿ, ನಾಣ್ಯ ಅಂಚಿನ ಮೇಲೆ ನಿಂತು ಕಣ್ಣಿನ ಮೂಲೆಗೆ ಹೋಯಿತು, ಸಿಕ್ಕಿಕೊಳ್ಳಲಿ, ದೇವರೇ ಸಿಕ್ಕಿಕೊಳ್ಳಲಿ, ಅವನು ಬೆರಳಿಂದ ತಳ್ಳಿದ, ಇಲ್ಲ, ಹೋಯಿತು, ಗೋಡೆಯೊಳಗೆ ಎಲ್ಲೋ ಕೆರೆಯುವ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಒಳಗೆ ಮಂಚದ ಕಬ್ಬಿಣದ ಮೇಲೆ ಟಿಣ್. ಅಮ್ಮನ ಧ್ವನಿ, ಕಿಟಕಿಯಿಂದ, ಬ್ರೆಡ್ ತುಂಬಿದ ಬಾಯಿ, ಮಿರೇಯಾ, ಇನ್ನೊಂದ್ ಬಂತು ಕಣೇ, ಇದು ದೊಡ್ಡದು. ಮಿರೇಯಾಳ ಮುಖದ ನಗು ಒಂದು ಕ್ಷಣ ಜಾಗ ತಪ್ಪಿತು, ನಾನು ಕಂಡೆ, ಇದು ಆಚೆಯವರೆಗೂ ತೂರಿದೆಯೆಂದು ಅವಳಿಗೂ ತಿಳಿಯಿತು, ಒಂದೇ ಕ್ಷಣ, ಆಮೇಲೆ ಛತ್ರಿ ಮೇಲಕ್ಕೆ, ಕೇಳಿದ್ರಾ, ಮನೆಯೇ ಉತ್ತರ ಕೊಟ್ಟಿತು, ತುಂಬ ಒಳ್ಳೆಯ ಶಕುನ, ಯಾರು ಮುಂದಿನವರು, ಎಲ್ಲರ ಕೈಗಳೂ ಜೇಬಿಗೆ, ನನ್ನ ಕೈ ಚೀಲಕ್ಕೆ, ಸರಿಯಿರಿ, ಸರಿಯಯ್ಯಾ ನೀಲಿ ಅಂಗಿ, ಮೊಣಕೈ ಯಾರಿಗೋ ತಾಗಿತು, ತಾಗಲಿ, ಬೇಡ ಪ್ರೊಫೆಸೊರಾ, ಕ್ಯಾಮೆರಾ ಮುಂದೆ ಬೇಡ, ಅಕ್ಕಾ, ಅಕ್ಕಾ ನಿನ್ ಕಾಲಿಗೆ ಬೀಳ್ತೀನಿ, ಹಿಂದೆ ಯಾರೋ ಕ್ಲಿಕ್ಕಿಸುತ್ತಿದ್ದಾರೆ, ಕ್ಲಿಕ್ಕಿಸಿ, ಇದನ್ನೇ ಕ್ಲಿಕ್ಕಿಸಿ, ಕ್ಯಾಲಿಪರಿನ ಮೇಲಿನ ಎರಡು ದವಡೆಗಳನ್ನು ಕಣ್ಣಿನ ಮೂಲೆಗೆ ಇಳಿಸಿದೆ, ಮೆಲ್ಲಗೆ ಅಗಲಿಸಿದೆ, ಎರಡೂ ದಡಕ್ಕೆ ತಾಕಿದವು, ಒಳಗಿನಿಂದ ಚಹಾದ ವಾಸನೆ, ಕಣ್ಣಿನೊಳಗಿಂದ ಚಹಾದ ವಾಸನೆ ಬರುತ್ತಿದೆ, ಅಮ್ಮನ ಕಣ್ಣು, ಎಡಗಣ್ಣು, ಮೂಲೆ, ಉಸಿರು ಬಿಗಿಹಿಡಿದು ಗೀಟು ಓದು, ಕಣ್ಣು,

6.4 ಮಿಲಿಮೀಟರ್.