ಪಿಸುಮಾತು ಒಪ್ಪಿಕೊಳ್ಳದ ತಪ್ಪು

ಗಣಿತದ ಮೇಡಂಗೆ ಒಂಬತ್ತನೇ ತರಗತಿಯವರು ಇಟ್ಟ ಹೆಸರು ತ್ರಿಜ್ಯ. ನೀತಿಪಾಠದ ಟೀಚರು ಹೆರಿಗೆ ರಜೆಗೆ ಹೋದಾಗ ಆ ಪೀರಿಯಡ್ಡು ಅವರ ಕೊರಳಿಗೆ ಬಿತ್ತು. ಉಪದೇಶ ಮಾಡುವುದೆಂದರೆ ಅವರಿಗೆ ಮೊದಲಿನಿಂದಲೂ ಮುಜುಗರ. ಅದಕ್ಕೆ ಪಾಶ್ಚಾತ್ಯ ನೀತಿಶಾಸ್ತ್ರದ ಒಂದು ದಪ್ಪ ಪುಸ್ತಕ ಹಿಡಿದು ಕೂತು ಓದಿದರು. ಆಮೇಲೆ ಲೆಕ್ಕ ಬಿಡಿಸುವವರ ಹಾಗೆ ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದರು.

ಇದರಿಂದ ಎಲ್ಲರಿಗೂ ಸೇರಿ ಒಳ್ಳೆಯದು ಹೆಚ್ಚೋ, ಕೆಟ್ಟದ್ದು ಹೆಚ್ಚೋ? ಎಲ್ಲರೂ ಹೀಗೇ ಮಾಡಲಿ ಎಂದು ನಾನು ಒಪ್ಪುತ್ತೇನೆಯೇ? ಇದನ್ನು ಮಾಡಿದರೆ ನಾನು ಎಂಥ ಮನುಷ್ಯ ಆಗುತ್ತೇನೆ?

"ಮೊದಲನೇ ಪ್ರಶ್ನೆ ಕೇಳೋ ಚಿಂತಕರ ಗುಂಪು ಫಲ ನೋಡುತ್ತೆ. ಎರಡನೇದು ಕರ್ತವ್ಯ ನೋಡುತ್ತೆ, ಯಾರನ್ನೂ ಬರೀ ಸಾಧನದ ಥರ ಬಳಸ್ಬೇಡ ಅನ್ನುತ್ತೆ. ಮೂರನೇದು ಗುಣ ನೋಡುತ್ತೆ. ಈ ಮೂವರ ಜಗಳ ಇನ್ನೂ ಮುಗಿದಿಲ್ಲ."

ಮಾತೆತ್ತಿದರೆ ವಾದಕ್ಕಿಳಿಯುವ ಒಬ್ಬ ಹುಡುಗನಿದ್ದ. ಎಲ್ಲರೂ ಅವನನ್ನು ಲಾಯರ್ ಎನ್ನುತ್ತಿದ್ದರು. "ಹಾಗಾದ್ರೆ ಪರೀಕ್ಷೆಲಿ ಯಾವ್ದು ಬರೀಬೇಕು ಮೇಡಂ?" ಎಂದ.

"ಉತ್ತರಕ್ಕೆ ಮಾರ್ಕ್ಸ್ ಇಲ್ಲ ಕಣೋ. ಸ್ಟೆಪ್ಸಿಗೆ ಮಾತ್ರ."

ಅದೇ ವಾರ, ಊಟದ ಬಿಡುವಿನ ನೂಕುನುಗ್ಗಲಿನಲ್ಲಿ, ಮೆಟ್ಟಿಲ ಪಕ್ಕದ ಗಾಜಿನ ಮೀನುತೊಟ್ಟಿ ಒಡೆದುಹೋಯಿತು. ಒಂಬತ್ತನೇ ತರಗತಿಯವರು ಮೀನುಗಳನ್ನು ಬಾಚಿ ಬಕೆಟ್ಟಿಗೆ ಹಾಕಿ ಉಳಿಸಿದರು. ಆದರೆ ಆಗ ಅಲ್ಲಿದ್ದವರೂ ಅವರೇ ಆದ್ದರಿಂದ ಅನುಮಾನ ಅವರ ಮೇಲೇ ಬಿತ್ತು. ಹೆಡ್‌ಮಾಸ್ಟರು ಒದ್ದೆ ಪ್ಯಾಂಟಿನಲ್ಲೇ ತರಗತಿಗೆ ಬಂದು, "ಒಡೆದವರು ಯಾರು ಅಂತ ನಾಳೆಯೊಳಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ನಿಮ್ಮ ನಾಟಕ ರದ್ದು" ಎಂದರು. ತಿಂಗಳುಗಟ್ಟಲೆ ತಾಲೀಮು ನಡೆಸಿದ ನಾಟಕ ಅದು. ಮಕ್ಕಳ ಮುಖ ಕಪ್ಪಿಟ್ಟಿತು. ಯಾರು ಒಡೆದರೆಂಬುದು ನಿಜಕ್ಕೂ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಮೇಡಂ ಒಳಗೆ ಬಂದಾಗ ತರಗತಿ ಸಂತೆಯಾಗಿತ್ತು. ನಾಟಕದ ಮುಖ್ಯ ಪಾತ್ರ ಮಾಡುತ್ತಿದ್ದ ಹುಡುಗಿಯೇ ತರಗತಿಯ ಕ್ಯಾಪ್ಟನ್. ಅವಳು ಉಪಾಯ ಕಂಡುಕೊಂಡಿದ್ದಳು. ಕೊನೆಯ ಬೆಂಚಿನಲ್ಲಿ ಕೂರುವ, ಎಲ್ಲರೂ ಪಿಸುಮಾತು ಎಂದು ಕರೆಯುವ ಹುಡುಗಿಯ ಅಪ್ಪನಿಗೆ ವರ್ಗವಾಗಿತ್ತು; ತಿಂಗಳ ಕೊನೆಗೆ ಅವಳು ಶಾಲೆ ಬಿಡುವವಳು. ತಪ್ಪನ್ನು ಅವಳು ಒಪ್ಪಿಕೊಂಡರೆ ಸಾಕು. ಎಲ್ಲರೂ ಹೋಗಿ ಕೇಳಿದ್ದಕ್ಕೆ ಅವಳು ಹೂಂ ಎಂದೂ ಆಗಿತ್ತು.

"ಹೆಂಗಿದ್ರೂ ಹೋಗೋಳೇ ತಾನೇ! ಅವಳಿಗೆ ನಷ್ಟ ಇಲ್ಲ, ಎಲ್ರಿಗೂ ನಾಟಕ ಸಿಗುತ್ತೆ. ಮೇಡಂ, ನೀವೇ ಹೇಳಿಕೊಟ್ಟ ಮೊದಲನೇ ಲೆಕ್ಕ ಇದು" ಎಂದಳು ಕ್ಯಾಪ್ಟನ್.

ಮೇಡಂ ಬೋರ್ಡಿನತ್ತ ನೋಡಿದರು. ತಾವು ಕಲಿಸಿದ್ದು ಇದಕ್ಕಾ? ಬೇಡ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ತುಟಿ ಕಚ್ಚಿ, "ಸ್ಟೆಪ್ಸ್ ತೋರಿಸಿ" ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕೂತರು.

ಲಾಯರ್ ಎದ್ದ. "ನಿನ್ನ ಲೆಕ್ಕದಲ್ಲಿ ಕೂಡೋದೇ ತಪ್ಪಾಗಿದೆ. ಇವತ್ತು ಅವಳು. ಮುಂದಿನ ಸಲ ಯಾರು? ನಾನಾ, ನೀನಾ? ಆ ಭಯಾನ ಯಾಕೆ ಕೂಡಿಲ್ಲ?"

"ಎಲ್ಲರೂ ಹಿಂಗೇ ಸುಳ್ಳು ಒಪ್ಪಿಕೊಂಡ್ರೆ, ತಪ್ಪೊಪ್ಪಿಗೆ ಅನ್ನೋದಕ್ಕೇ ಬೆಲೆ ಇರಲ್ಲ ಅಲ್ವಾ?" ಎಂದಿತು ಕಿಟಕಿ ಪಕ್ಕದ ದನಿ.

ಆಗ ಪಿಸುಮಾತು ಎದ್ದು ನಿಂತಳು. "ನಾನು ಹೂಂ ಅಂದಿದ್ದು ಯಾಕೆ ಗೊತ್ತಾ? ಇಷ್ಟು ದಿನದಲ್ಲಿ ನೀವೆಲ್ಲ ನನ್ನ ಹತ್ರ ಬಂದು ಮಾತಾಡಿದ್ದು ಇದೇ ಮೊದಲು. ಖುಷಿ ಆಯ್ತು." ಸ್ವಲ್ಪ ತಡೆದು ಹೇಳಿದಳು: "ಆದ್ರೆ ನಾನು ಒಡೆದಿಲ್ಲ. ಹೊಸ ಶಾಲೆಗೆ ಸುಳ್ಳುಗಾತಿ ಆಗಿ ಹೋಗಲ್ಲ."

ಕ್ಯಾಪ್ಟನ್ ತಲೆ ತಗ್ಗಿಸಿದಳು. ಆಮೇಲೆ ಎಲ್ಲರಿಗಿಂತ ಮುಂಚೆ ಬಾಗಿಲ ಕಡೆ ನಡೆದವಳೂ ಅವಳೇ. "ಬನ್ರೋ. ನಾಟಕ ಹೋದ್ರೆ ಹೋಗ್ಲಿ."

ಹೆಡ್‌ಮಾಸ್ಟರ ಕೋಣೆ ಮಕ್ಕಳಿಂದ ಕಿಕ್ಕಿರಿಯಿತು. ಒಡೆದವರು ಯಾರೆಂದು ತಮಗೆ ಗೊತ್ತಿಲ್ಲ ಎಂದ ಕ್ಯಾಪ್ಟನ್, ತನ್ನ ಉಪಾಯವನ್ನೂ ಮುಚ್ಚಿಡದೆ ಹೇಳಿದಳು. ಹೆಡ್‌ಮಾಸ್ಟರು ಕನ್ನಡಕ ತೆಗೆದು, "ಹಾಗಾದ್ರೆ ಶಿಕ್ಷೆನೇ ಬೇಡ ಅಂತೀರಾ?" ಎಂದು ಗುಡುಗಿದರು.

"ಒಡೆದವರಿಗೆ ಕೊಡಿ ಸರ್" ಎಂದ ಲಾಯರ್. ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ಒಬ್ಬರ ಬಾಯಿ ಬಿಡಿಸೋಕೆ ತಪ್ಪು ಮಾಡದವರನ್ನೆಲ್ಲ ಹಿಂಡಿದ್ರೆ, ನಾವು ಅವಳಿಗೆ ಮಾಡೋಕೆ ಹೊರಟಿದ್ದನ್ನೇ ನೀವೂ ಮಾಡಿದಂಗೆ."

ಮೇಡಂ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಹೆಡ್‌ಮಾಸ್ಟರು ಕನ್ನಡಕ ಮತ್ತೆ ಏರಿಸಿ ಲಾಯರನನ್ನು ನೋಡಿದರು.

"ಇದು ಯಾವ ಸಿದ್ಧಾಂತನಪ್ಪಾ?"

"ಮೂರರಲ್ಲೂ ಮಾಡಿ ನೋಡಿದ್ವಿ ಸರ್. ಈ ಲೆಕ್ಕಕ್ಕೆ ಮೂರರಲ್ಲೂ ಒಂದೇ ಉತ್ತರ ಬಂತು."

ಹೆಡ್‌ಮಾಸ್ಟರ ಮೀಸೆಯಡಿ ನಗು ಇಣುಕಿತು. "ನಾನು ದುಡುಕಿದೆ. ನಾಟಕ ಆಡಿ, ಹೋಗಿ" ಎಂದರು.

ಮಕ್ಕಳು ಹಾಕಿದ ಕೇಕೆಗೆ ಪಕ್ಕದ ತರಗತಿಗಳೆಲ್ಲ ಕಾರಿಡಾರಿಗೆ ಬಂದು ಇಣುಕಿದವು. ಹುಡುಗಿಯರು ಪಿಸುಮಾತನ್ನು ಎತ್ತಿಕೊಂಡು ಕುಣಿದರು. ಬಿಡ್ರೇ, ಬೀಳ್ತೀನಿ ಎನ್ನುತ್ತಲೇ ಅವಳು ನಕ್ಕಳು. ಗದರಬೇಕಿದ್ದ ಮೇಡಂ ಸೀಮೆಸುಣ್ಣ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ತೊಟ್ಟಿ ಒಡೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ನಾಟಕದ ಸಂಜೆ ಸಭಾಂಗಣ ತುಂಬಿ ತುಳುಕಿತು. ಪರದೆ ಎಳೆದವಳು, ಅಪ್ಪ ಸಾಮಾನು ಕಟ್ಟುತ್ತಿದ್ದರೂ ಹಟ ಮಾಡಿ ಬಂದಿದ್ದ ಪಿಸುಮಾತು.