ಹೌಶ್ಯಾನ ನಾಲಿಗೆ

"ಅದರ ನಾಲಿಗಿ ಒಳಗ ಹಾಕಾಕ ಬರೂದಿಲ್ಲೇನ್ರಿ?"

ಕೆಳಗಿನಿಂದ ಈ ಮಾತು ಬಂದಾಗ ಸೈಫುದ್ದೀನ ಹೊಸ ಮನೆಯ ಕಮಾನಿನ ಮೇಲೆ ಬರೆದ ಎತ್ತಿನ ಬಾಲಕ್ಕೆ ಕಪ್ಪು ಗೆರೆ ಎಳೆಯುತ್ತಿದ್ದ. ಬಾಲದ ಗೆರೆ ನಡುವೆ ನಿಂತರೆ ಅಲ್ಲೊಂದು ಗಂಟು ಬೀಳುತ್ತದೆ. ಅದಕ್ಕೇ ತುದಿ ಮುಟ್ಟಿಸಿಯೇ ಅವನು ಬಗ್ಗಿ ನೋಡಿದ. ಗೌಂಡಿಗಳು ಕಟ್ಟಿದ್ದ ಬೊಂಬಿನ ಅಟ್ಟಣಿಗೆಯ ಕೆಳಗೆ ಮನೆಯೊಡತಿ ನೀಲಾಬಾಯಿ ಸೆರಗು ಹಿಡಿದುಕೊಂಡು ನಿಂತಿದ್ದಳು. ಅವಳು ಮೇಲೆ ನೋಡುತ್ತಿರಲಿಲ್ಲ. ಕಮಾನಿಗೆ ಬೆನ್ನು ಹಾಕಿ, ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿಗೆ ಹೇಳುವಂತೆ ಹೇಳಿದ್ದಳು.

ಸೈಫುದ್ದೀನನಿಗೆ ನಗು ಬಂತು. ಗಿರಾಕಿ ಅಂದಮೇಲೆ ಒಂದಾದರೂ ತಕರಾರು ಇರಲೇಬೇಕು. ಶಾಲೆಯವರಿಗೆ ಸಿಂಹ ಸ್ವಲ್ಪ ನಕ್ಕಂತೆ ಕಾಣಬೇಕು, ತಾಲೀಮಿನ ಪೈಲ್ವಾನರಿಗೆ ಅದರ ತೋಳು ತಮ್ಮ ತೋಳಿಗಿಂತ ದಪ್ಪಗಿರಬೇಕು. ಈ ಮನೆಯಲ್ಲಿ ನಾಲಿಗೆಯ ಪಾಳಿ ಎಂದುಕೊಂಡ. ಲಾಂಛನದ ಪ್ರಾಣಿಗೆ ನಾಲಿಗೆ ಹೊರಗೇ ಇರಬೇಕು, ಅದು ಈ ಕೆಲಸದ ಕಾಯ್ದೆ ಎಂದು ಮೇಲಿನಿಂದಲೇ ತಿಳಿಸಿ ಹೇಳಿದ. ಆಕೆ ಒಳಗೆ ಹೋದಳು.

ಕಾಯ್ದೆ ಮಾಡಿದವನು ಅವನಲ್ಲ. ವಿಜಯಪುರದ ಸ್ಟೇಷನ್ ರಸ್ತೆಯ ಸೈಫುದ್ದೀನನ ಚಿಕ್ಕ ಪೇಂಟಿಂಗ್ ಅಂಗಡಿಯಲ್ಲಿ ಅವನಿಗಿಂತ ಮೊದಲು ಕೂತವನು ಉಸ್ತಾದ್ ಬಾಬುಸಾಬ. ಈಗ ಉಸ್ತಾದನೂ ಇಲ್ಲ, ಲಾಂಛನ ಬರೆಸುವವರೂ ಬೆರಳೆಣಿಕೆಯಷ್ಟು. ಆದರೆ ಅವನು ಕಲಿಸಿದ್ದು ಸೈಫುದ್ದೀನನ ಮಣಿಕಟ್ಟಿನಲ್ಲಿ ಹಾಗೇ ಕೂತಿದೆ. ಅಡವಿಯ ಪ್ರಾಣಿ ಬೇರೆ, ಲಾಂಛನದ ಪ್ರಾಣಿ ಬೇರೆ. ಲಾಂಛನದ ಪ್ರಾಣಿ ಹಿಂಗಾಲ ಮೇಲೆ ಎದ್ದು ನಿಲ್ಲಬೇಕು, ಮುಂಗಾಲು ಗಾಳಿಯಲ್ಲಿರಬೇಕು. ಎದೆ ಉಬ್ಬಿರಬೇಕು, ನಡು ಹಿಡಿಯಷ್ಟಿರಬೇಕು. ಮೈಗೆ ನೆರಳು ಕೊಡುವ ಹಾಗಿಲ್ಲ, ಒಂದೇ ಬಣ್ಣ ತುಂಬಿ ಸುತ್ತ ಕಪ್ಪು ಗೆರೆ ಎಳೆಯಬೇಕು. ಬಾಯಿ ತೆರೆದು ಕೆಂಪು ನಾಲಿಗೆ ಚಾಚಿರಬೇಕು. ಕುದುರೆಯ ಮೇಲೆ ಬರುವವನಿಗೆ ಅರ್ಧ ಹರದಾರಿಯಿಂದ ಅದು ಯಾರ ನಿಶಾನೆ ಎಂದು ತಿಳಿಯಬೇಕಲ್ಲ, ಬಾಯಿ ಮುಚ್ಚಿದರೆ ದೂರದಿಂದ ಹುಲಿಯೂ ಮೇಕೆಯಂತೆ ಕಾಣುತ್ತದೆ ಎನ್ನುತ್ತಿದ್ದ ಉಸ್ತಾದ. ಈಗ ಕುದುರೆಯ ಮೇಲೆ ಯಾರೂ ಬರುವುದಿಲ್ಲ. ಆದರೂ ಸೈಫುದ್ದೀನ ಒಂದು ನಾಲಿಗೆಯನ್ನೂ ಬಿಟ್ಟವನಲ್ಲ.

ಈ ಮನೆಯ ಯಜಮಾನ ಶಂಕ್ರೆಪ್ಪ ತಿಕೋಟಾದ ದ್ರಾಕ್ಷಿ ಬೆಳೆಗಾರ. ಬೆಳೆಗಾರರ ಸಂಘದ ಜೊತೆ ರಾಜಸ್ಥಾನಕ್ಕೆ ಹೋಗಿದ್ದಾಗ ಒಂದು ಅರಮನೆಯ ಬಾಗಿಲ ಮೇಲೆ ಎದ್ದು ನಿಂತ ಸಿಂಹದ ಲಾಂಛನ ನೋಡಿ ಬಂದಿದ್ದ. ಊರ ಹೊರಗೆ ಹೊಸ ಮನೆ ಕಟ್ಟಿಸಿದಾಗ ತನ್ನ ಕಮಾನಿಗೂ ಅಂಥದೇ ಬೇಕೆನಿಸಿತು. ಬಬಲೇಶ್ವರದ ಶಾಲೆಯ ಗೋಡೆಯಲ್ಲಿ ಸೈಫುದ್ದೀನ ಬರೆದ ಸಿಂಹವನ್ನು ನೋಡಿದ್ದವನು ಅಂಗಡಿ ಹುಡುಕಿಕೊಂಡು ಬಂದು, ಮೊಬೈಲಿನಲ್ಲಿದ್ದ ಅರಮನೆಯ ಚಿತ್ರ ತೋರಿಸಿದ. ಆದರೆ ತನಗೆ ಸಿಂಹ ಬೇಡ, ಸಿಂಹಕ್ಕೂ ನಮಗೂ ಏನು ಸಂಬಂಧ ಎಂದ. ಅವನಿಗೆ ಬೇಕಾದದ್ದು ಹೌಶ್ಯಾ.

ಹೌಶ್ಯಾ ಅವನ ಖಿಲಾರಿ ಎತ್ತು. ಮೊದಲ ಎರಡು ಎಕರೆ ಬಳ್ಳಿ ಹಚ್ಚಿದಾಗ ಅದೊಂದೇ ಎತ್ತು ಹಳ್ಳದಿಂದ ಪೀಪಾಯಿಗಟ್ಟಲೆ ನೀರು ಎಳೆದು ತಂದು ಬಳ್ಳಿ ಬದುಕಿಸಿತ್ತಂತೆ. ಆಮೇಲೆ ಟ್ರ್ಯಾಕ್ಟರು ಬಂದರೂ ಗಂಡ ಹೆಂಡತಿ ಅದನ್ನು ಮಾರಲಿಲ್ಲ. ಮೈಮೇಲೆ ಗಂಟು ಏಳುವ ರೋಗ ಸುತ್ತಲಿನ ಹಳ್ಳಿಗಳಿಗೆ ಬಂದ ವರ್ಷ ಎತ್ತೂ ಹೋಯಿತು. ಶಂಕ್ರೆಪ್ಪ ಇದನ್ನೆಲ್ಲ ಹೇಳುವಾಗ ಅಂಗಡಿಯ ಬಾಗಿಲಲ್ಲೇ ಕಣ್ಣು ಒರೆಸಿಕೊಂಡಿದ್ದ. ಕೊನೆಗೆ ಒಂದು ಸಮಾಧಾನದ ಮಾತನ್ನೂ ಹೇಳಿದ್ದ.

"ಪುಣ್ಯವಂತ ಜೀವರಿ. ಒಂದ್ ದಿವಸ ನರಳಲಿಲ್ಲ. ಮಲಕೊಂಡಲ್ಲೇ ಹೋತು."

ಫೋಟೋ ಇದೆಯೇ ಎಂದು ಸೈಫುದ್ದೀನ ಕೇಳಿದ. ಇದ್ದದ್ದು ಒಂದೇ, ಅದೂ ಯಾರದೋ ಮದುವೆಯ ಗುಂಪಿನ ಹಿಂದೆ ಒಂದು ಕೋಡು, ಅರ್ಧ ಡುಬ್ಬ. ಅಷ್ಟರಿಂದ ಏನು ಬರೆಯುವುದು? ಅವನು ತನ್ನ ಹಳೆಯ ಸಿಂಹದ ನಕಾಶೆ ಹರಡಿಕೊಂಡು ಉಗುರಿನ ಬದಲು ಗೊರಸು, ಜೂಲಿನ ಬದಲು ಡುಬ್ಬ, ಮೇಲೆ ಎರಡು ಎತ್ತರದ ಕೋಡು ಹಾಕಿ ಹೌಶ್ಯಾನನ್ನು ಮಾಡಿದ. ನಾಲಿಗೆ ಮಾತ್ರ ಸಿಂಹದ್ದೇ ಉಳಿಯಿತು. ಜನ್ಮದಲ್ಲಿ ಎತ್ತು ಬರೆದವನಲ್ಲ, ಎತ್ತು ನಾಲಿಗೆ ಚಾಚುವುದು ಯಾವಾಗ ಎಂದು ಯೋಚಿಸುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ.

ಮಧ್ಯಾಹ್ನ ನೀಲಾಬಾಯಿ ಚಹಾ ತಂದಳು. ಶಂಕ್ರೆಪ್ಪ ವಾಸ್ತುಶಾಂತಿಯ ಕಾರ್ಡು ಹಂಚಲು ಜೈನಾಪುರದ ಕಡೆ ಹೋಗಿದ್ದ. ಸೈಫುದ್ದೀನ ಇಳಿದು ಬಂದು ಕಟ್ಟೆಯ ಮೇಲೆ ಕೂತ. ಆಕೆ ಒಳಗೆ ಹೋಗದೆ ಗೋಡೆಯ ಹತ್ತಿರ ನಿಂತಳು. ಆಮೇಲೆ, ಹೌಶ್ಯಾ ಮಲಗಿದಲ್ಲೇ ಹೋಗಲಿಲ್ಲ ಎಂದಳು.

ನಿಧಾನವಾಗಿ, ಒಂದೊಂದಾಗಿ ಹೇಳಿದಳು. ಆ ವಾರ ಗಂಡ ಒಣದ್ರಾಕ್ಷಿ ಮಾರಲು ತಾಸಗಾಂವಿಗೆ ಹೋಗಿದ್ದ. ಎತ್ತು ಮೂರು ದಿನ ನರಳಿತು. ಗಂಟಲೊಳಗೂ ಹುಣ್ಣಾಗಿ ನೀರು ಇಳಿಯುತ್ತಿರಲಿಲ್ಲ. ಡಾಕ್ಟರು ಎರಡು ಸಲ ಬಂದು ಸೂಜಿ ಹಾಕಿ ಹೋಗಿದ್ದರು. ಮೂರನೆಯ ದಿನ ಬೆಳಿಗ್ಗೆ ಅದು ಏಳಲು ನೋಡಿತು. ಮುಂಗಾಲು ಎತ್ತಿ, ಎದೆ ಮೇಲಕ್ಕೆ ಚಾಚಿ, ಉಸಿರು ಸಿಗದೆ ನಾಲಿಗೆ ಹೊರಗೆ ಬಿಟ್ಟು ಬಿದ್ದಿತು. ಮತ್ತೆ ಎದ್ದಿತು, ಮತ್ತೆ ಬಿದ್ದಿತು. ಸೂರ್ಯ ನೆತ್ತಿಗೆ ಬರುವವರೆಗೂ ಅದೇ ನಡೆಯಿತು. ಹತ್ತಿರ ಹೋದರೆ ಅವಳ ಕಡೆಗೇ ನೋಡುತ್ತಿತ್ತು. ನಡುವೆ ಗಂಡನ ಫೋನು ಬಂತು.

"ಏನಂತ ಹೇಳಲಿ ಹೇಳ್ರಿ? ಕೂಸಿನಂಗ ಸಾಕಿದ್ರು. ಮಲಕೊಂಡೈತಿ ಅಂದ್ನಿ. ಸಂಜೀಕ ಮತ್ತ ಫೋನ್ ಮಾಡಿದ್ರು, ಮಲಕೊಂಡಲ್ಲೇ ಹೋತು ಅಂದ್ನಿ. ಅವರು ಬರೂದ್ರಾಗ ಉಪ್ಪು ಹಾಕಿ ಹುಗದಾಗಿತ್ತು."

ಅಂದಿನಿಂದ ಶಂಕ್ರೆಪ್ಪ ಆ ಮಾತನ್ನು ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದ. ಈಗ ಹೋಗಿ ಸುಳ್ಳೆಂದರೆ ಅವನಿಗೆ ಎತ್ತು ಇನ್ನೊಮ್ಮೆ ಸತ್ತಂತೆ, ಈ ಸಲ ನರಳಿ ಸತ್ತಂತೆ. ಹೇಳದಿದ್ದರೆ ದಿನಾ ಹೊಲಕ್ಕೆ ಹೋಗುವಾಗ, ಬರುವಾಗ ಅವಳು ಈ ಕಮಾನಿನ ಕೆಳಗೇ ಹಾಯಬೇಕು.

ಸೈಫುದ್ದೀನ ಚಹಾ ಕುಡಿಯುವುದನ್ನು ಮರೆತಿದ್ದ. ತಲೆಯೆತ್ತಿ ತನ್ನ ಎತ್ತನ್ನು ನೋಡಿದ. ಮುಂಗಾಲು ಗಾಳಿಯಲ್ಲಿತ್ತು, ಎದೆ ಉಬ್ಬಿತ್ತು, ನಾಲಿಗೆ ಗೇಣುದ್ದ ಹೊರಗಿತ್ತು. ಅವನಿಗೆ ನಾಚಿಕೆಯಾಯಿತು.

ಎದ್ದ ಕಾಲನ್ನು ಇಳಿಸುವ ಹಾಗಿರಲಿಲ್ಲ. ಇಳಿಸಿದರೆ ಇಡೀ ಚಿತ್ರ ಕೆರೆದು ಹೊಸದಾಗಿ ಬರೆಯಬೇಕು, ಅದಕ್ಕೆ ದಿನಗಳೂ ಇರಲಿಲ್ಲ. ನಾಲಿಗೆಯೊಂದನ್ನಾದರೂ ತೆಗೆಯುತ್ತೇನೆ ಎಂದ. ಅಟ್ಟಣಿಗೆ ಹತ್ತಿ ಕೆಂಪಿನ ಮೇಲೆ ಎರಡು ಸಲ ಹಿನ್ನೆಲೆಯ ನೀಲಿ ಹೊಡೆದು, ಬಾಯಿ ಮುಚ್ಚಿ, ತುಟಿಗೆ ಗೆರೆ ಎಳೆದ. ರಸ್ತೆಗೆ ಹೋಗಿ ನೋಡಿದರೆ ಉಸ್ತಾದ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಎದ್ದು ನಿಂತ ಮೇಕೆ. ಆದರೆ ನೀಲಾಬಾಯಿ ಅಂಗಳದಲ್ಲಿ ನಿಂತು, ಅವನು ಬಂದಮೇಲೆ ಮೊದಲ ಸಲ, ಮುಖವೆತ್ತಿ ಕಮಾನು ನೋಡಿದಳು. ಸೈಫುದ್ದೀನ ತನ್ನ ಡಬ್ಬಿಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ವಿಜಯಪುರಕ್ಕೆ ಹೊರಟ.

ವಾಸ್ತುಶಾಂತಿಯ ಹಿಂದಿನ ದಿನ ಶಂಕ್ರೆಪ್ಪನ ಫೋನು ಬಂತು. ಸಿಟ್ಟೇನೂ ಇರಲಿಲ್ಲ, ಒಂದು ಸಣ್ಣ ಕೆಲಸ ಉಳಿದಿದೆ ಎಂದಷ್ಟೇ ಹೇಳಿದ. ಸೈಫುದ್ದೀನ ಹೋದಾಗ ಅಟ್ಟಣಿಗೆ ಬಿಚ್ಚಿಯಾಗಿತ್ತು. ಅಂಗಳಕ್ಕೆ ಹೊಸ ನುಣುಪು ಹಾಸುಗಲ್ಲು ಬಂದಿತ್ತು, ಪೆಂಡಾಲಿನವರು ಬಟ್ಟೆ ಕಟ್ಟುತ್ತಿದ್ದರು. ಶಂಕ್ರೆಪ್ಪ ಅವನನ್ನು ಭುಜ ಹಿಡಿದು ರಸ್ತೆಗೆ ಕರೆದೊಯ್ದು, ನೀವೇ ನೋಡಿ, ಮೆಲುಕು ಹಾಕುತ್ತ ನಿಂತಂತೆ ಇದೆ, ನಿನ್ನೆ ಬಡಿಗ ಇದೇನು ಕರುವೇ ಎಂದು ಕೇಳಿದ ಎಂದ. ಅರಮನೆಯ ಸಿಂಹಕ್ಕಿದ್ದ ನಾಲಿಗೆ ಇದಕ್ಕೇಕಿಲ್ಲ ಎನ್ನುವುದು ಅವನ ಪ್ರಶ್ನೆ.

ಸೈಫುದ್ದೀನ ಏನೇನೋ ಹೇಳಿ ನೋಡಿದ. ಬಿಸಿಲಿಗೆ ಕೆಂಪು ಬಣ್ಣ ಬೇಗ ಮಾಸುತ್ತದೆ ಎಂದ. ಎತ್ತಿಗೆ ಬಾಯಿ ಮುಚ್ಚಿದರೇ ಚೆಂದ ಎಂದ. ಉಸ್ತಾದನ ಮೇಲೆ ಆಣೆ ಹಾಕಿ ಹೇಳಬೇಕಾದ ಕಾಯ್ದೆಗೆ ತದ್ವಿರುದ್ಧ ತಾನೇ ಮಾತಾಡುತ್ತಿರುವುದು ಅವನಿಗೇ ವಿಚಿತ್ರವೆನಿಸಿತು. ಕೊನೆಗೆ, ಎರಡು ದಿನದಿಂದ ಕೈ ನಡುಗುತ್ತಿದೆ, ಗೆರೆ ಕೆಟ್ಟೀತು ಎಂದ. ಹಾಗಾದರೆ ಬೇರೆ ಪೇಂಟರ್ ಒಬ್ಬನನ್ನು ಕರೆಸುತ್ತೇನೆ, ನಿಮಗೆ ಯಾಕೆ ತ್ರಾಸು ಎಂದ ಶಂಕ್ರೆಪ್ಪ, ನಿಜವಾದ ಕಾಳಜಿಯಿಂದಲೇ. ಆಮೇಲೆ ದನಿ ಇಳಿಸಿದ.

"ನೋಡ್ರಿ, ಅದರ ಕಡೀ ಹೊತ್ತಿಗೆ ನಾ ಇರಲಿಲ್ಲ. ಮಾರಿ ಸುದ್ದಾ ನೋಡಲಿಲ್ಲ. ಇಲ್ಲ್ಯಾದರೂ ಅದನ್ನ ಹುರುಪಿನ್ಯಾಗ ನೋಡಬೇಕಂತ ನನ್ನ ಆಸೆ ಐತ್ರಿ."

ನೀಲಾಬಾಯಿ ಬಾಗಿಲಲ್ಲಿ ಮಾವಿನ ತಳಿರು ಪೋಣಿಸುತ್ತ ಕೂತಿದ್ದಳು. ಅವಳಿಗೆ ಎಲ್ಲವೂ ಕೇಳುತ್ತಿತ್ತು. ಸೈಫುದ್ದೀನ ಅವಳ ಕಡೆ ನೋಡಿದ. ಒಂದು ಸನ್ನೆ ಮಾಡಿದ್ದರೂ ಸಾಕಿತ್ತು, ಅವನು ಡಬ್ಬಿ ಎತ್ತಿಕೊಂಡು ಹೋಗಿಬಿಡುತ್ತಿದ್ದ. ಆದರೆ ಅವನು ಹೋದರೆ ಇನ್ನೊಬ್ಬ ಬರುತ್ತಾನೆ. ನಿಜ ಹೇಳೋಣವೆಂದರೆ ಅದು ಅವನ ಮಾತಲ್ಲ, ಅವಳದು. ಅವಳು ಸೂಜಿಗೆ ಇನ್ನೊಂದು ಎಲೆ ಏರಿಸಿದಳು.

ಏಣಿ ತಂದು ಕಮಾನಿಗೆ ಆನಿಸಿದರು. ನುಣುಪು ಕಲ್ಲಿನ ಮೇಲೆ ಅದರ ಕಾಲು ನಿಲ್ಲಲಿಲ್ಲ. ಯಾರಾದರೂ ಹಿಡಿಯಬೇಕಿತ್ತು. ಪೆಂಡಾಲಿನವರು ಮೇಲೆ ಕಟ್ಟುತ್ತಿದ್ದರು, ಶಂಕ್ರೆಪ್ಪ ರಸ್ತೆಯಲ್ಲೇ ನಿಂತು ನಾಲಿಗೆ ಎಷ್ಟು ಉದ್ದ ಬರಬೇಕೆಂದು ಹೇಳಬೇಕಿತ್ತು. ಅವನು ಹೆಂಡತಿಯನ್ನು ಕರೆದ. ನೀಲಾಬಾಯಿ ಎಲೆಗಳನ್ನು ಬುಟ್ಟಿಗೆ ಹಾಕಿ ಬಂದು ಎರಡೂ ಕೈಯಿಂದ ಏಣಿ ಹಿಡಿದಳು.

ಸೈಫುದ್ದೀನ ಹತ್ತಿದ. ಮೊದಲು ತುಟಿಯ ಗೆರೆ ಅಳಿಸಿ ಬಾಯಿ ತೆರೆದ. ನಾಲಿಗೆಗೆ ಬೇಕಾದದ್ದು ಒಂದೇ ಎಳೆತ, ಗಂಟಲಿನಿಂದ ಹೊರಟ ಕುಂಚ ತುದಿಯವರೆಗೆ ನಿಲ್ಲಬಾರದು, ತಿರುಗಿ ತಿದ್ದಬಾರದು. ಕೈ ನಡುಗಲಿ, ಇಂದೊಂದು ದಿನ ಗೆರೆ ಹಾಳಾಗಲಿ ಎಂದು ಅವನು ಬಯಸಿದ. ಆದರೆ ಮೂವತ್ತೈದು ವರ್ಷ ಹೇಳಿದಂತೆ ಕೇಳಿದ ಕೈ ಈಗ ಹೇಗೆ ತಪ್ಪೀತು? ಕೆಂಪು ಗೆರೆ ಗಂಟಲಿಂದ ಬಾಗಿ ಹೊರಬಂದು, ತುದಿಯಲ್ಲಿ ಸಣ್ಣಗೆ ಮೇಲಕ್ಕೆ ಎದ್ದು ನಿಂತಿತು. ಇಷ್ಟು ಚೆನ್ನಾದ ನಾಲಿಗೆಯನ್ನು ಅವನು ಹಿಂದೆಂದೂ ಎಳೆದಿರಲಿಲ್ಲ.

ರಸ್ತೆಯಲ್ಲಿ ಶಂಕ್ರೆಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ನೀಲಾ, ಮ್ಯಾಲ ನೋಡು. ನಮ್ಮ ಹೌಶ್ಯಾನಂಗ ಐತಿಲ್ಲ?"

ಏಣಿ ಒಂದಿಷ್ಟು ಅಲುಗಿ ಮತ್ತೆ ನಿಂತಿತು. ಅವಳು ತಲೆ ಎತ್ತಿದ್ದು ಸೈಫುದ್ದೀನನಿಗೆ ಮೇಲಿನಿಂದ ಕಂಡಿತು. ಅವಳ ಕಣ್ಣು ಅವನನ್ನು ದಾಟಿ ಹೋಗಿತ್ತು.

"ಹೌದ್ರಿ," ಎಂದಳು ನೀಲಾಬಾಯಿ. "ಥೇಟ್ ಹಂಗ ಐತಿ."

ಕೆಲಸ ಮುಗಿದಿತ್ತು. ಸೈಫುದ್ದೀನ ಇಳಿಯಲಿಲ್ಲ. ಕುಂಚವನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಅದ್ದಿ ಬಟ್ಟೆಗೆ ಒರೆಸಿದ, ಕೆಂಪು ಹೋಗಿದ್ದರೂ ಮತ್ತೆ ಅದ್ದಿ ಒರೆಸಿದ. ಕೆಳಗೆ ಬಳೆ ತುಂಬಿದ ಎರಡು ಕೈಗಳು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದವು.