ಕತ್ತಿನ ಮೇಲೊಂದು ಅಡ್ಡಗೀರು

ಬ್ರಷ್ ಜಾರಿ ಹೆಬ್ಬೆರಳು ತರಚಿತು. ಅವಳು ಕೈ ಹಿಂತೆಗೆಯಲಿಲ್ಲ. ಕಾರಿನ ಎಂಜಿನ್ನಿನಿಂದ ಬಿಚ್ಚಿದ ವಾಲ್ವಿನ ಕತ್ತಿಗೆ ಕಚ್ಚಿಕೊಂಡಿದ್ದ ಮಸಿ ಸಿಪ್ಪೆಯಂತೆ ಎದ್ದು ಸೀಮೆಎಣ್ಣೆಯ ತಟ್ಟೆಗೆ ಬಿತ್ತು. ಬಿದ್ದ ಜಾಗದಲ್ಲಿ ಲೋಹ ಹೊಳೆಯಿತು. ಲೋಹದ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು. ಅದಕ್ಕೆ ಅಡ್ಡಲಾಗಿ ಇನ್ನೊಂದು.

ಹಳೇ ಬನಿಯನ್ನಿನ ಚೂರಿನಿಂದ ಒರೆಸಿದಳು. ಗೀರು ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದಳು.

"ಏನಮ್ಮಾ, ನಿಧಿ ಸಿಕ್ತಾ?" ಎಂದ ಟಿಂಕರ್. ಅದೇ ಕಾರಿನ ನುಗ್ಗಾದ ಮಡ್‌ಗಾರ್ಡನ್ನು ಅವನು ಮೂಲೆಯಲ್ಲಿ ಕುಟ್ಟಿ ನೆಟ್ಟಗೆ ಮಾಡುತ್ತಿದ್ದ. "ಸಿಕ್ಕಿದ್ರೆ ನಂಗೂ ಪಾಲು ಕೊಡು. ಕುಟ್ಟಿ ಕುಟ್ಟಿ ಭುಜ ಬಿದ್ದೋಯ್ತು."

ಅವಳಿಗೆ ಮಾತು ಕೇಳಿಸಿತು, ಅರ್ಥ ಹೊಳೆಯಲಿಲ್ಲ.

ಆ ಅಡ್ಡಗೀರು ಅವಳದೇ. ಕೆಟ್ಟ ವಾಲ್ವು ತಪ್ಪಿಯೂ ಮತ್ತೊಂದು ಎಂಜಿನ್ನಿಗೆ ಹೋಗಬಾರದೆಂದು ಅದರ ಕಾಂಡದ ತುದಿಗೆ ಅರದಿಂದ ಕಚ್ಚು ಹಾಕಿ ಗುಜರಿ ಡಬ್ಬಿಗೆ ಎಸೆಯುವುದು ಆ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಬಂದ ರೂಢಿ. ತುದಿಯ ಕಚ್ಚು ಎಲ್ಲರಿಗೂ ಗೊತ್ತು. ಕತ್ತಿನ ಮಡಿಕೆಯಲ್ಲಿ ಅರದ ಮೊನೆಯಿಂದ ಇನ್ನೊಂದು ಗುರುತು ಎಳೆಯುವುದು ಅವಳೊಬ್ಬಳ ಚಾಳಿ. ಬೀಗ ಹಾಕಿದ ಮೇಲೂ ಒಮ್ಮೆ ಜಗ್ಗಿ ನೋಡುವವರಿರುತ್ತಾರಲ್ಲ, ಹಾಗೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ; ಹೇಳುವಂಥದ್ದು ಎಂದು ಅನಿಸಿರಲೂ ಇಲ್ಲ.

ವಾಲ್ವನ್ನು ತಿರುಗಿಸಿ ತುದಿ ನೋಡಿದಳು. ಕಚ್ಚು ಇರಲಿಲ್ಲ. ತುದಿ ಕನ್ನಡಿಯಂತೆ ನುಣುಪಾಗಿತ್ತು. ಪಕ್ಕದವುಗಳ ತುದಿ ಅಷ್ಟು ನುಣುಪಾಗಿರಲಿಲ್ಲ. ಹೊಗೆ ಹೊರಹಾಕುವ ವಾಲ್ವುಗಳನ್ನೆಲ್ಲ ಗಾಜಿನ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದಳು. ಮೂರು ಒಂದೇ ಎತ್ತರ. ಈ ಒಂದು ಉಗುರಿನ ದಪ್ಪದಷ್ಟು ಗಿಡ್ಡ. ಇದರ ತಲೆಯ ಅಂಚಿನಲ್ಲಿ ಒಂದು ಕಡೆ ಇಲಿ ಕಚ್ಚಿದಂತೆ ಲೋಹ ಸುಟ್ಟು ಹಾರಿಹೋಗಿತ್ತು.

ಅವಳು ಮಗುಚಿಟ್ಟಿದ್ದ ಪೆಟ್ಟಿಗೆಯ ಮೇಲೆ ಕೂತಳು.

ಕಾರು ಅವಳ ಗಂಡನದು, ಬಾಡಿಗೆಗೆ ಓಡಿಸುತ್ತಿದ್ದ ಹಳೇ ಗಾಡಿ. ಬೇಸಿಗೆಯಲ್ಲಿ ಅವಳೂ ಗ್ಯಾರೇಜು ನಡೆಸುವ ಅವಳ ಅಣ್ಣನೂ ಸೇರಿ ಅದರ ಎಂಜಿನ್ನಿನ ಹೆಡ್ ಇಳಿಸಿ ವಾಲ್ವುಗಳನ್ನು ಶುಚಿ ಮಾಡಿದ್ದರು. ಒಂದರ ಅಂಚು ಸುಟ್ಟು ತೆಳ್ಳಗಾಗಿತ್ತು. ಅಂಥದ್ದು ಸರಿಯಾಗಿ ಮುಚ್ಚಿಕೊಳ್ಳದೆ ಎಂಜಿನ್ನಿನ ಬಲವೆಲ್ಲ ಸೋರಿಹೋಗುತ್ತದೆ. ಅವಳು ಗುರುತು ಹಾಕಿ ಡಬ್ಬಿಗೆ ಎಸೆದಿದ್ದಳು. ಹೊಸದು ತಂದು ಕೂರಿಸುವುದು ಅಣ್ಣನ ಪಾಲಿನ ಕೆಲಸ. ಕೂರಿಸಿದೆ ಎಂದಿದ್ದ. ಕೆಲವೇ ವಾರಗಳಲ್ಲಿ, ಏರುದಾರಿಯಲ್ಲಿ ಗಂಡ ಲಾರಿಯೊಂದನ್ನು ದಾಟುತ್ತಿದ್ದಾಗ ಎದುರಿಗೆ ಬಸ್ಸು ಬಂತು. ಬಸ್ಸನ್ನು ತಪ್ಪಿಸಿ ತಡೆಗೋಡೆಗೆ ಗುದ್ದಿದ. ಬಲಮಂಡಿ ಪುಡಿಯಾಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು, "ಗಾಡಿ ಎಳೀಲಿಲ್ಲ ಕಣೆ. ತುಳಿದೆ, ತುಳಿದೆ, ಎಳೀಲೇ ಇಲ್ಲ" ಎಂದ.

ಮಂಚದ ಆಚೆ ನಿಂತಿದ್ದ ಅಣ್ಣ ನಕ್ಕಿದ್ದ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ತೂಕಡಿಸಿದೆ ಅಂತ ಒಪ್ಕೊಂಡ್ಬಿಡಿ ಭಾವ, ಯಾರೂ ನಿಮ್ಮನ್ನ ಗಲ್ಲಿಗೇರಿಸಲ್ಲ."

ಅವಳೂ ನಕ್ಕಿದ್ದಳು.

ಗಂಡ ಒಪ್ಪಿಕೊಂಡೂ ಬಿಟ್ಟ. "ನಿದ್ದೆ ಬಂದಿರ್ಬೇಕು" ಎಂದು ಬಂದವರಿಗೆಲ್ಲ ತಾನೇ ಹೇಳತೊಡಗಿದ. ಇನ್ನು ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಆಣೆ ಹಾಕಿದ. ಹಗಲು ಹೊತ್ತು ಕಣ್ಣು ಮುಚ್ಚಿದ್ದನ್ನು ಯಾರಾದರೂ ಕಂಡಾರೆಂದು ಈಗಲೂ ಕುರ್ಚಿಯಲ್ಲಿ ತೊಡೆ ಚಿವುಟಿಕೊಳ್ಳುತ್ತ ಕೂರುತ್ತಾನೆ. ಸ್ನಾನಕ್ಕೆ ನೀರು ಹಾಕುವಾಗ ಅವಳು ಆ ಕಲೆಗಳನ್ನು ನೋಡಿದ್ದಾಳೆ.

ಅಣ್ಣ ಹೆಡ್ಡಿನ ಅಡಿಗೆ ಕೂರಿಸುವ ಹೊಸ ಗ್ಯಾಸ್ಕೆಟ್ ಹಿಡಿದು ಒಳಗೆ ಬಂದ. "ಏನು ಪುಟ್ಟಿ, ಬೆಳಗ್ಗೆಯಿಂದ ಒಂದೇ ವಾಲ್ವನ್ನ ಮುದ್ದು ಮಾಡ್ತಿದ್ದೀಯಾ?"

"ಇದು ಯಾವ್ದು ಅಣ್ಣಾ?"

"ವಾಲ್ವು. ಇಷ್ಟು ವರ್ಷ ಆಯ್ತಲ್ಲ, ಇನ್ನೂ ಪರಿಚಯ ಆಗಿಲ್ವಾ?"

"ಕತ್ತು ನೋಡು."

ಅವನು ಅದನ್ನು ಬಲ್ಬಿನ ಕೆಳಗೆ ಹಿಡಿದ. ಮುಖದ ನಗು ಹೋಗಲಿಲ್ಲ. ಇದ್ದಲ್ಲೇ ಉಳಿದು ಹಳಸಿತು.

"ಇಲ್ಲೂ ಹಾಕ್ತಿದ್ಯಾ ಗುರುತು?" ಎಂದ.

ಟಿಂಕರನ ಸುತ್ತಿಗೆ ನಿಂತಿತು.

"ತುದೀದು ಏನಾಯ್ತು?" ಎಂದು ಕೇಳಿದಳು.

"ಅಂಗಡೀಲಿ ಆ ಸೈಜು ಇರ್ಲಿಲ್ಲ ಕಣೇ. ಭಾವನಿಗೆ ಬಾಡಿಗೆ ಬಂದಿತ್ತು, ಗಾಡಿ ಬೇಕೇ ಬೇಕು ಅಂತ ಪಟ್ಟು ಹಿಡಿದು ಕೂತಿದ್ರು. ಡಬ್ಬೀಲಿ ಇದೇ ಕಾಣಿಸ್ತು. ಪೇಸ್ಟ್ ಹಚ್ಚಿ ಉಜ್ಜಿದೆ. ಸೋರುತ್ತಾ ಅಂತ ಸೀಮೆಎಣ್ಣೆ ಹುಯ್ದು ನೋಡಿದೆ, ಒಂದು ಹನೀನೂ ಇಳೀಲಿಲ್ಲ. ನಾಲ್ಕು ದಿನ ಓಡ್ಲಿ, ಹೊಸದು ಬಂದ ಮೇಲೆ ಬದಲಾಯ್ಸೋಣ ಅಂದ್ಕೊಂಡೆ."

"ಕಚ್ಚು ಯಾಕೆ ತೇಯ್ದೆ?"

"ನೋಡಿದ್ರೆ ನೀನು ಬಿಡ್ತಿದ್ಯಾ?"

"ಅಂದ್ರೆ, ಆಸ್ಪತ್ರೇಲಿ ನಗ್ತಾ ನಿಂತಿದ್ದೆಯಲ್ಲ, ಆವಾಗ್ಲೇ ನಿಂಗೆ ಗೊತ್ತಿತ್ತು."

ಅಣ್ಣ ಗ್ಯಾಸ್ಕೆಟ್ಟಿನ ತೂತಿನೊಳಗೆ ಬೆರಳು ಆಡಿಸಿದ. "ಅನುಮಾನ ಇತ್ತು" ಎಂದ. "ಗೊತ್ತಿತ್ತು ಅಂತಲ್ಲ."

"ನಾನು ಟೀ ಕುಡ್ಕೊಂಡು ಬರ್ತೀನಿ" ಎಂದ ಟಿಂಕರ್. ಆದರೆ ಕದಲಲಿಲ್ಲ.

ಅವಳಿಗೆ ಬಾಯೊಳಗೆ ಸೀಮೆಎಣ್ಣೆಯ ರುಚಿ ಹತ್ತಿತು. ಬೈಯಬೇಕೆಂದು ಬಾಯಿ ತೆರೆದಳು. ಸೈಕಲ್ ಕಲಿಸಿದವನು ಇವನು. ಅವಳ ಮದುವೆಯ ದಿನ ಷೆಡ್ಡಿನ ಹಿಂದೆ ನಿಂತು ಅತ್ತವನು. ಈಗ ಎದುರಿಗಿರುವವನಿಗೂ ಅದೇ ಮೂಗು, ಅದೇ ಎಣ್ಣೆ ಮೆತ್ತಿದ ಕಿವಿ. ಏನೂ ಬದಲಾಗಿರಲಿಲ್ಲ ಎನ್ನುವುದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಮನೆಗೆ ಬಾ" ಎಂದಳು ಕೊನೆಗೆ. "ಅವರ ಮುಂದೆ ಕೂತು ಹೇಳು. ನೀವು ನಿದ್ದೆ ಮಾಡ್ಲಿಲ್ಲ, ಗಾಡೀನೇ ಎಳೀಲಿಲ್ಲ ಅಂತ. ಅಷ್ಟೇ ಸಾಕು."

"ಹೇಳಿದ್ರೆ ಮಂಡಿ ಕೂಡ್ಕೊಳ್ಳುತ್ತಾ?"

"ಮಂಡಿ ವಿಷಯ ಅಲ್ಲ ನಾನು ಹೇಳ್ತಿರೋದು."

"ಪುಟ್ಟಿ, ಈ ಮಾತು ಹೊರಗೆ ಬಿದ್ರೆ ನಾಳೆಯಿಂದ ಈ ಷೆಡ್ಡಿಗೆ ನಾಯೀನೂ ಬರಲ್ಲ. ಭಾವನ ಮುಖ ನಾನು ಹೇಗೆ ನೋಡ್ಲಿ? ಅವರು ಹೇಗೋ ಒಪ್ಕೊಂಡಿದ್ದಾರೆ, ಸಮಾಧಾನವಾಗಿದ್ದಾರೆ..."

"ಸಮಾಧಾನ!" ಎಂದಳು. ಚಿವುಟಿದ ಕಲೆಗಳ ಬಗ್ಗೆ ಹೇಳಲು ಹೊರಟವಳು ನಿಲ್ಲಿಸಿದಳು. ಅದನ್ನು ಕೇಳುವ ಹಕ್ಕು ಇವನಿಗಿಲ್ಲ.

ಅಣ್ಣ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿದ. ಗಾಜಿನ ಹಲಗೆಯ ಮೇಲೆ ಅವಳ ಕಡೆಗೆ ಸರಿಸಿದ. ಗೊಂಚಲು ತಾಗಿ ಒಂದು ವಾಲ್ವು ಉರುಳಿತು.

"ಗ್ಯಾರೇಜು ನಿನ್ನ ಹೆಸರಿಗೆ ಮಾಡ್ತೀನಿ. ಅರ್ಧ ಅಲ್ಲ, ಪೂರ್ತಿ. ಬೋರ್ಡು ಬದಲಾಯ್ಸು. ಭಾವ ಇಲ್ಲೇ ಕೂತು ಯಜಮಾನಿಕೆ ಮಾಡ್ಲಿ, ನಾನು ಅವರ ಕೈಕೆಳಗೆ ಕೂಲಿ ಮಾಡ್ಕೊಂಡಿರ್ತೀನಿ. ಅಪ್ಪ ಇದನ್ನ ನಿಂಗೇ ಕೊಡ್ಬೇಕಿತ್ತು, ನಂಗೂ ಗೊತ್ತು. ತಗೋ. ಆ ಒಂದು ಮಾತು ಮಾತ್ರ ಹೇಳ್ಸಬೇಡ."

ಬೋರ್ಡಿನ ಮೇಲೆ ಅಣ್ಣನ ಹೆಸರು ಬಂದ ದಿನದಿಂದ ಅವಳು ಬಾಯಿಬಿಟ್ಟು ಕೇಳದೆ ಬಯಸಿದ್ದು ಇದನ್ನೇ. ಟಿಂಕರ್ ಗೊಂಚಲನ್ನೇ ನೋಡುತ್ತಿದ್ದ.

"ಬೇಡ" ಎಂದಳು ಅವಳು, ಗೊಂಚಲನ್ನು ಅವನ ಕಡೆಗೇ ಹಿಂದಕ್ಕೆ ಸರಿಸಿ. "ಆ ಒಂದು ಮಾತೇ ಬೇಕು."